ಬಂಡೆಯ ಮೇಲೆ ಏಳನೇ ತರಗತಿ

ಏಳನೇ ತರಗತಿಗೆ ವಯಸ್ಸಾಗುವುದಿಲ್ಲ. ಅದು ಎಂದಿಗೂ ಹನ್ನೆರಡು ಹದಿಮೂರರಲ್ಲೇ ನಿಂತಿರುತ್ತದೆ. ಪ್ರತಿ ಡಿಸೆಂಬರಿಗೂ ಅದೇ ವಯಸ್ಸಿನ ಮಕ್ಕಳು ಕೆಂಪು ಬಸ್ಸು ಹತ್ತುತ್ತಾರೆ. ಕಿಟಕಿ ಪಕ್ಕದ ಸೀಟಿಗೆ ಅದೇ ಜಗಳ, ಶಿರಾ ದಾಟುವ ಹೊತ್ತಿಗೆ ಅದೇ ಅಂತ್ಯಾಕ್ಷರಿ, ತುಮಕೂರಿನ ಹತ್ತಿರ ಯಾರಾದರೊಬ್ಬರಿಗೆ ವಾಂತಿ. ಪಾಲಕರ ಒಪ್ಪಿಗೆ ಪತ್ರಗಳ ಕಟ್ಟು ನನ್ನ ಕೈಚೀಲದಲ್ಲಿರುತ್ತದೆ. ಆ ಪತ್ರದ ಒಕ್ಕಣೆ ಕೂಡ ಬದಲಾಗಿಲ್ಲ. ಹೆಸರು ತುಂಬುವ ಖಾಲಿ ಗೆರೆಯ ಮೇಲೆ ಮಾತ್ರ ಪ್ರತಿ ವರ್ಷ ಬೇರೆ ಬೇರೆ ಹೆಸರು. ಮೇಷ್ಟ್ರ ಕೆಲಸದ ವಿಚಿತ್ರವೇ ಇದು. ಎದುರಿಗೆ ಕೂತವರು ದೊಡ್ಡವರಾಗುವುದೇ ಇಲ್ಲ, ಮೇಜಿನ ಈಚೆ ನಿಂತವನ ತಲೆ ಮಾತ್ರ ಬೆಳ್ಳಗಾಗುತ್ತದೆ. ದೊಡ್ಡವರಾದವರು ಕಣ್ಣು ತಪ್ಪಿಸಿ ಜಾರಿ ಹೋಗಿ, ಅವರ ಜಾಗದಲ್ಲಿ ಅಷ್ಟೇ ಎತ್ತರದ ಇನ್ನೊಬ್ಬರು ಬಂದು ಕೂತಿರುತ್ತಾರೆ.

ಈ ಮಕ್ಕಳನ್ನು ನಾವು ಕರೆದುಕೊಂಡು ಹೋಗುವುದು ಬೆಂಗಳೂರಿಗೆ. ಒಂದು ದಿನಕ್ಕೆ ಎಷ್ಟು ತುರುಕಬಹುದೋ ಅಷ್ಟೂ ತುರುಕಿದ ಪಟ್ಟಿ ನಮ್ಮದು. ಬೆಳಿಗ್ಗೆ ಲಾಲ್‌ಬಾಗ್, ಆಮೇಲೆ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, ಕಬ್ಬನ್ ಪಾರ್ಕಿನ ನೆರಳಿನಲ್ಲಿ ಪುಳಿಯೋಗರೆ, ಸಂಜೆಗೆ ವಿಧಾನಸೌಧದ ಮುಂದೆ ಫೋಟೋ. ಈ ಪಟ್ಟಿಯನ್ನು ಮೊದಲು ಮಾಡಿದವರಿಗೆ ಒಂದು ನಂಬಿಕೆ ಇದ್ದಿರಬೇಕು: ಮಕ್ಕಳಿಗೆ ತೋರಿಸಬೇಕಾದದ್ದು ಉಳಿದು ಬಂದದ್ದನ್ನು, ಕಾಲಕ್ಕೆ ಬಗ್ಗದ ಕಲ್ಲು, ಕಬ್ಬಿಣ, ಮರ, ಕಟ್ಟಡಗಳನ್ನು. ಊರಿನಲ್ಲಿ ಅವರು ದಿನಾ ಕಾಣುವುದು ಬತ್ತಿದ ಕೆರೆ, ಗೋಡೆ ಕುಸಿದ ಹೆಂಚಿನ ಮನೆ, ಬಾಗಿಲು ಹಾಕಿದ ಅಂಗಡಿ. ರಾಜಧಾನಿಯಲ್ಲಾದರೂ ಗಟ್ಟಿಯಾದದ್ದೇನಾದರೂ ನೋಡಲಿ ಎಂಬ ಆಸೆ. ಒಂದೇ ಸಲ ಹೋದವರಿಗೆ ಆ ಗಟ್ಟಿ ಪದಾರ್ಥ ಕಾಣುತ್ತದೆ ಕೂಡ. ಅದೇ ದಾರಿಯಲ್ಲಿ ಮತ್ತೆ ಮತ್ತೆ ಹೋದವನಿಗೆ ಅದು ಅಷ್ಟು ಸಲೀಸಾಗಿ ಕೈಗೆ ಸಿಗುವುದಿಲ್ಲ.

ಲಾಲ್‌ಬಾಗಿಗೆ ಡಬಲ್ ರೋಡ್ ಕಡೆಯ ಗೇಟಿನಿಂದ ಒಳಹೊಕ್ಕರೆ ಎದುರಿಗೇ ಬಂಡೆ. ಮಕ್ಕಳು ಗೇಟು ದಾಟಿದ್ದೇ ತಡ ಅದರ ಮೇಲೆ ಓಡುತ್ತಾರೆ. ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರ ಇದೆ. ಹಳೆಯ ಊರಿನ ಎಲ್ಲೆಯನ್ನು ಗುರುತಿಸಿದ ನಾಲ್ಕು ಗೋಪುರಗಳಲ್ಲಿ ಅದೂ ಒಂದು. ಇವುಗಳನ್ನು ದಾಟಿ ಊರು ಬೆಳೆದರೆ ಕೇಡು ಎಂಬ ಮಾತು ಹಿಂದಿನಿಂದ ಇದೆ. ಊರು ದಾಟಿತು. ಈಗ ಗೋಪುರದ ಬಳಿ ನಿಂತು ನಾಲ್ಕು ದಿಕ್ಕಿಗೆ ಕಣ್ಣು ಹಾಯಿಸಿದರೂ ಎಲ್ಲೆ ಎಂಬುದು ಎಲ್ಲೂ ಕಾಣುವುದಿಲ್ಲ. ಕೇಡು ತಟ್ಟಿತೋ ಇಲ್ಲವೋ ಎಂಬುದನ್ನು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಂಜೆ ಆರಕ್ಕೆ ನಿಂತವರು ಹೇಳಬೇಕು.

ಬಂಡೆಯ ಬಳಿ ಒಂದು ಫಲಕ ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಈ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಇದರ ಜಾತಿ ಪೆನಿನ್ಸುಲಾರ್ ನೈಸ್. ಆ ಹೆಸರನ್ನು 1916ರಲ್ಲಿ ಇಟ್ಟವರು ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್. ವಯಸ್ಸು ಸುಮಾರು 300 ಕೋಟಿ ವರ್ಷ. ಮಕ್ಕಳು ಇದನ್ನೆಲ್ಲ ನೋಟ್ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ. ಮೂರರ ಮುಂದೆ ಎಷ್ಟು ಸೊನ್ನೆ ಎಂಬ ಬಗ್ಗೆ ಪ್ರತಿ ವರ್ಷವೂ ಒಂದು ಸಣ್ಣ ಚರ್ಚೆ ನಡೆಯುತ್ತದೆ. ಒಂದು ವರ್ಷ ಮಾತ್ರ ಚರ್ಚೆ ಅಲ್ಲಿಗೇ ನಿಲ್ಲಲಿಲ್ಲ.

"ಸಾರ್, ಮುನ್ನೂರು ಕೋಟಿ ವರ್ಷ ಅಂತ ಹೆಂಗ್ ಗೊತ್ತಾಯ್ತು? ಆಗ ಯಾರಿದ್ರು ನೋಡೋಕೆ?"

ನಾನು ಕನ್ನಡ ಮೇಷ್ಟ್ರು. ವಿಜ್ಞಾನದ ಮೇಡಂ ಕಡೆ ನೋಡಿದೆ. ಅವರು ಬಂಡೆಯ ಮೇಲೆ ಕೂತೇ ವಿವರಿಸಿದರು. ಕರಗಿದ ಶಿಲೆ ಗಟ್ಟಿಯಾಗುವಾಗ ಅದರೊಳಗೆ ಜಿರ್ಕಾನ್ ಎಂಬ ಹರಳುಗಳು ಹುಟ್ಟುತ್ತವೆ, ಮರಳಿನ ಕಣಕ್ಕಿಂತ ದೊಡ್ಡವಲ್ಲ. ಹುಟ್ಟುವಾಗ ಆ ಹರಳು ಯುರೇನಿಯಂ ಅನ್ನು ಸ್ವಲ್ಪ ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಬಿಟ್ಟುಕೊಳ್ಳುವುದೇ ಇಲ್ಲ. ಯುರೇನಿಯಂ ಸುಮ್ಮನೆ ಇರುವ ಪದಾರ್ಥವಲ್ಲ. ಒಂದೊಂದೇ ಪರಮಾಣು ಒಡೆಯುತ್ತಾ ಒಡೆಯುತ್ತಾ ಕೊನೆಗೆ ಸೀಸವಾಗುತ್ತದೆ. ಇಷ್ಟು ವರ್ಷಕ್ಕೆ ಇಷ್ಟು ಭಾಗ ಎಂಬ ಲೆಕ್ಕ ಮಾತ್ರ ತಪ್ಪುವುದಿಲ್ಲ: ಯುರೇನಿಯಂ-238ರ ಅರ್ಧ ಭಾಗ ಕಳೆಯಲು ಸುಮಾರು 447 ಕೋಟಿ ವರ್ಷ ಬೇಕು. ಹಾಗಾಗಿ ಹರಳನ್ನು ತೆಗೆದು, ಎಷ್ಟು ಯುರೇನಿಯಂ ಉಳಿದಿದೆ, ಎಷ್ಟು ಸೀಸ ಬಂದಿದೆ ಎಂದು ಅಳೆದರೆ ಹರಳು ಹುಟ್ಟಿದ ಕಾಲ ಸಿಕ್ಕುತ್ತದೆ. ಲಾಲ್‌ಬಾಗಿನ ಬಂಡೆಯಷ್ಟು ಹಳೆಯ ಹರಳಿನಲ್ಲಿ ನೂರರಲ್ಲಿ ಅರವತ್ತಕ್ಕಿಂತ ತುಸು ಹೆಚ್ಚು ಪಾಲು ಇನ್ನೂ ಯುರೇನಿಯಂ ಆಗಿಯೇ ಇರುತ್ತದೆ.

"ಹಂಗಾರೆ ಈಗ್ಲೂ ಆಗ್ತಾ ಐತಾ ಮೇಡಂ? ನಾವು ಕೂತಿರೋವಾಗ್ಲೂ?"

"ಆಗ್ತಾನೇ ಇದೆ."

ಕೇಳಿದ ಹುಡುಗಿ ಅಂಗೈಯನ್ನು ಬಂಡೆಗೆ ಒತ್ತಿ ಸ್ವಲ್ಪ ಹೊತ್ತು ಇಟ್ಟುಕೊಂಡಳು. ಏನೂ ತಿಳಿಯದೆ ಕೈ ತೆಗೆದು ಲಂಗಕ್ಕೆ ಒರೆಸಿಕೊಂಡಳು. ಪಾಠ ಅಲ್ಲಿಗೆ ಮುಗಿಯಿತು, ಏಕೆಂದರೆ ಅಷ್ಟರಲ್ಲಿ ಸೌತೆಕಾಯಿ ಮಾರುವವನು ಬಂದಿದ್ದ.

ಅಲ್ಲಿಂದೀಚೆಗೆ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಬಂಡೆ ಎಷ್ಟು ಹಳೆಯದೆಂದು ನಮಗೆ ಗೊತ್ತಾಗಿರುವುದು ಬಂಡೆ ಉಳಿದಿರುವುದರಿಂದಲ್ಲ, ಅದರೊಳಗೆ ಏನೋ ಒಂದು ಬಿಡುವಿಲ್ಲದೆ ಅಳಿಯುತ್ತಿರುವುದರಿಂದ. ಅಳಿಯುವ ಯುರೇನಿಯಂ ಇಲ್ಲದೆ ಹೋಗಿದ್ದರೆ ಅದು ಬರೀ ಕಲ್ಲು. ನಿನ್ನೆಯದೋ ಕಲ್ಪಾಂತರದ್ದೋ ಹೇಳುವ ದಾರಿಯೇ ಇರುತ್ತಿರಲಿಲ್ಲ. ಸ್ವಲ್ಪವೂ ಬದಲಾಗದೆ ಇರುವುದಕ್ಕೆ ವಯಸ್ಸು ಎಂಬುದೇ ಇರಲಾರದು. ನಿತ್ಯವಾದದ್ದರ ಮುಂದೆ ಕಾಲ ಒಂದು ಗೀರನ್ನೂ ಎಳೆಯಲಾರದು ಎಂದಮೇಲೆ ಅಲ್ಲಿ ಕಾಲ ಇದ್ದೂ ಏನು ಪ್ರಯೋಜನ? ನಾವು ಪುರಾತನ ಎಂದು ಕೈಮುಗಿಯುವುದೆಲ್ಲ, ನೋಡಹೋದರೆ, ಬಹಳ ನಿಧಾನವಾಗಿ ಹೋಗುತ್ತಿರುವುದಕ್ಕೆ ಮುಗಿದ ಕೈ.

ಇನ್ನೂ ಒಂದು ವಿಷಯವನ್ನು ಮೇಡಂ ಆಮೇಲೆ ಬಸ್ಸಿನಲ್ಲಿ ಹೇಳಿದರು. ಈ ಜಾತಿಯ ಶಿಲೆ ನೆಲದ ಮೇಲೆ ಹುಟ್ಟುವುದಿಲ್ಲ. ನೆಲದಡಿಯಲ್ಲಿ ಹಲವು ಕಿಲೋಮೀಟರ್ ಆಳದ ಶಾಖ ಮತ್ತು ಒತ್ತಡದಲ್ಲಿ ಅದು ಮೆತ್ತಗಾಗಿ, ಮಡಚಿ, ಬಿಳಿ ಕಪ್ಪು ಪಟ್ಟೆಗಳಾಗಿ ರೂಪುಗೊಳ್ಳುತ್ತದೆ. ಬಂಡೆಯ ಮೇಲೆ ಮಳೆನೀರು ಹರಿದು ತೊಳೆದ ಕಡೆ ಆ ಪಟ್ಟೆಗಳು ಬಳುಕಿರುವುದು ಚೆನ್ನಾಗಿ ಕಾಣುತ್ತದೆ. ಹಾಗಾದರೆ ಅಷ್ಟು ಆಳದಲ್ಲಿದ್ದದ್ದು ಮಕ್ಕಳ ಚಪ್ಪಲಿಗೆ ಸಿಕ್ಕಿದ್ದು ಹೇಗೆ? ಅದರ ಮೇಲಿದ್ದ ಕಿಲೋಮೀಟರುಗಟ್ಟಲೆ ನೆಲ ಮಳೆಗೆ, ಗಾಳಿಗೆ, ಬಿಸಿಲಿಗೆ ಪುಡಿಯಾಗಿ ಹರಿದುಹೋದದ್ದರಿಂದ. ನಾವು ಎತ್ತರವೆಂದು ಹತ್ತಿ ಫೋಟೋ ತೆಗೆಸಿಕೊಳ್ಳುವ ಜಾಗ ನಿಜಕ್ಕೂ ಯಾವುದೋ ಹಳೆಯ ನೆಲದ ತಳ. ಅದರ ಮೇಲೆ ಏನಿತ್ತು, ಬೆಟ್ಟವೋ ಬಯಲೋ, ಅದರ ಗುರುತೇ ಉಳಿದಿಲ್ಲ. ಆ ತಳವೂ ನಿಂತಲ್ಲಿ ನಿಂತಿಲ್ಲ. ಭಾರತದ ಭೂಫಲಕ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್ ಉತ್ತರದ ಕಡೆ ಸರಿಯುತ್ತದೆ. ಏಳನೇ ತರಗತಿಯ ಮಕ್ಕಳು ಒಂದು ವರ್ಷದಲ್ಲಿ ಉದ್ದವಾಗುವುದೂ ಹೆಚ್ಚುಕಡಿಮೆ ಅಷ್ಟೇ.

ಈಚೆಗೆ ಲಾಲ್‌ಬಾಗಿನ ಅಡಿಯಲ್ಲಿ ಸುರಂಗ ರಸ್ತೆ ಕೊರೆಯುವ ಮಾತು ಬಂದು ದೊಡ್ಡ ಗಲಾಟೆಯಾಯಿತು. ಇಷ್ಟು ಕಾಲ ಮಳೆ ಗಾಳಿಯನ್ನು ತಡೆದುಕೊಂಡ ಕಲ್ಲಿಗೆ ಈಗ ಕಾರುಗಳ ಅವಸರ ಎದುರಾಗಿದೆ. ಬೇಡ ಎನ್ನುವವರ ಕಡೆ ನಾನು.

ಬೆಂಗಳೂರಿನ ಬದಲು ಕೆಲವು ವರ್ಷ ಶ್ರವಣಬೆಳಗೊಳಕ್ಕೆ ಹೋಗಿದ್ದೂ ಉಂಟು. ಅಲ್ಲಿನ ಚಂದ್ರಗಿರಿಯ ಬಂಡೆಯ ಮೇಲೆ ಸಲ್ಲೇಖನದಿಂದ ದೇಹ ಬಿಟ್ಟವರ ಶಾಸನಗಳಿವೆ. ಹೋಗಿಬಿಟ್ಟವರ ಹೆಸರನ್ನು, ಹೋಗದ ಹಾಗೆ, ಕಲ್ಲಿನಲ್ಲಿ ಕೊರೆದಿದ್ದಾರೆ. ಜೈನರಲ್ಲಿ ಹನ್ನೆರಡು ಅನುಪ್ರೇಕ್ಷೆಗಳಿವೆ, ಅಂದರೆ ಮನಸ್ಸಿನಲ್ಲಿ ಮತ್ತೆ ಮತ್ತೆ ಹೊರಳಿಸಬೇಕಾದ ವಿಷಯಗಳು. ಮೊದಲನೆಯದೇ ಅನಿತ್ಯ. ಆದರೆ ಅವರ ತತ್ತ್ವ ಅಲ್ಲಿಗೆ ಮುಗಿಯುವುದಿಲ್ಲ. ಬೌದ್ಧರು ನಿಲ್ಲುವಂಥದ್ದು ಏನೂ ಇಲ್ಲ, ಎಲ್ಲವೂ ಕ್ಷಣಿಕ ಎಂದರು. ವೇದಾಂತಿಗಳು ಬದಲಾಗದೆ ನಿಂತದ್ದೇ ಸತ್ಯ ಎಂದರು. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಇವೆರಡಕ್ಕೂ ಜಗ್ಗದೆ, ಹುಟ್ಟು, ಅಳಿವು, ಸ್ಥಿತಿ ಈ ಮೂರೂ ಕೂಡಿದ್ದನ್ನೇ ಇರುವಿಕೆ ಎಂದು ಕರೆಯುತ್ತದೆ. ಮೂರರಲ್ಲಿ ಒಂದನ್ನು ಕಿತ್ತರೂ ಉಳಿದೆರಡು ನಿಲ್ಲುವುದಿಲ್ಲ. ದೊಡ್ಡ ತರ್ಕಶಾಸ್ತ್ರದ ಜಗಳಕ್ಕೆ ತೀರ್ಪು ಕೊಡುವಷ್ಟು ಓದು ನನಗಿಲ್ಲ. ಲಾಲ್‌ಬಾಗಿನ ಗಾಜಿನ ಮನೆಯ ಮುಂದೆ ಮಕ್ಕಳನ್ನು ಸಾಲಾಗಿ ಕೂರಿಸಿದಾಗ ಮಾತ್ರ ಜೈನರ ಲೆಕ್ಕವೇ ನನಗೆ ಹತ್ತಿರವಾಗುತ್ತದೆ.

ಆ ಗಾಜಿನ ಮನೆಯ ಕಥೆಯನ್ನು ಹೇಳಬೇಕು. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಒಂದು ಮಹಾ ಪ್ರದರ್ಶನ ನಡೆಯಿತು. ಅದಕ್ಕಾಗಿ ಜೋಸೆಫ್ ಪ್ಯಾಕ್ಸ್‌ಟನ್ ಎಂಬಾತ ಕಬ್ಬಿಣ ಮತ್ತು ಗಾಜಿನಿಂದ ಸ್ಫಟಿಕ ಅರಮನೆ ಕಟ್ಟಿದ, ಕ್ರಿಸ್ಟಲ್ ಪ್ಯಾಲೆಸ್. ಪ್ಯಾಕ್ಸ್‌ಟನ್ ಮೂಲತಃ ತೋಟಗಾರ. ಕೆಲವು ತಿಂಗಳ ಪ್ರದರ್ಶನಕ್ಕೆಂದು ಎಬ್ಬಿಸಿದ ತಾತ್ಕಾಲಿಕ ಕಟ್ಟಡ ಅದು. ಜನ ಬಿಡಲೊಲ್ಲದೆ ಆಮೇಲೆ ಅದನ್ನು ಬಿಚ್ಚಿ ಸಿಡನ್‌ಹ್ಯಾಮಿಗೆ ಸಾಗಿಸಿ ಮತ್ತೆ ಜೋಡಿಸಿದರು. ಅದರ ಮಾದರಿಯಲ್ಲಿ ಲಾಲ್‌ಬಾಗಿನಲ್ಲೂ ಒಂದು ಬೇಕೆಂದು ಹೊರಟವರು ಇಲ್ಲಿನ ಮೇಲ್ವಿಚಾರಕ ಜಾನ್ ಕ್ಯಾಮರಾನ್. 1889ರ ನವೆಂಬರ್ 30ರಂದು ಶಂಕುಸ್ಥಾಪನೆ ಮಾಡಿದ್ದು ವಿಕ್ಟೋರಿಯಾ ರಾಣಿಯ ಮೊಮ್ಮಗ ರಾಜಕುಮಾರ ಆಲ್ಬರ್ಟ್ ವಿಕ್ಟರ್. ತಂದೆಯ ನಂತರ ಸಿಂಹಾಸನಕ್ಕೆ ಏರಬೇಕಾಗಿದ್ದವನು. ಎರಡು ವರ್ಷ ಕಳೆದು 1892ರ ಜನವರಿಯಲ್ಲಿ, ಇನ್ನೂ 28ರ ಪ್ರಾಯದಲ್ಲಿ, ಇನ್‌ಫ್ಲುಯೆಂಜಾ ಜ್ವರಕ್ಕೆ ತೀರಿಕೊಂಡ. ಅವನಿಗೆ ಗೊತ್ತುಮಾಡಿದ್ದ ಹೆಣ್ಣನ್ನು ತಮ್ಮ ಮದುವೆಯಾದ. ಆ ತಮ್ಮನೇ ಮುಂದೆ ಐದನೇ ಜಾರ್ಜ್ ದೊರೆ. ಈ ಭಾಗಕ್ಕೆ ಬಂದಾಗ ಹುಡುಗಿಯರ ಸಾಲಿನಲ್ಲಿ ಗುಸುಗುಸು ಶುರುವಾಗುತ್ತದೆ.

ಸಿಡನ್‌ಹ್ಯಾಮಿನ ಮೂಲ ಅರಮನೆ ಒಂದೇ ರಾತ್ರಿಯ ಬೆಂಕಿಯಲ್ಲಿ ಸುಟ್ಟು ಕರಗಿಹೋಯಿತು. ಅದು 1936ರ ನವೆಂಬರ್ 30. ತಾರೀಖು ಕೂಡಿ ಬಂದದ್ದರಲ್ಲಿ ವಿಧಿಯ ಕೈವಾಡ ಹುಡುಕುವುದು ನನಗೆ ಇಷ್ಟವಿಲ್ಲ. ವರ್ಷಕ್ಕೆ ಇರುವುದೇ 365 ದಿನ, ಯಾವುದೋ ಒಂದರ ಮೇಲೆ ಯಾವುದೋ ಒಂದು ಬೀಳುತ್ತದೆ. ಮನಸ್ಸು ನಿಲ್ಲುವುದು ಬೇರೆ ಕಡೆ. ಸಾಮ್ರಾಜ್ಯದ ನಡುಮನೆಯಲ್ಲಿದ್ದ ಮೂಲ ಹೋಯಿತು, ದೂರದ ಸಂಸ್ಥಾನದ ತೋಟದಲ್ಲಿದ್ದ ನಕಲು ಉಳಿಯಿತು. ಸಾಮ್ರಾಜ್ಯ ಹೋಯಿತು. ಸಂಸ್ಥಾನವೂ ಹೋಯಿತು. ಎರಕದ ಕಬ್ಬಿಣ ಕಳಿಸಿಕೊಟ್ಟ ಗ್ಲಾಸ್ಗೋದ ಸಾರಸೆನ್ ಫೌಂಡ್ರಿಯೂ ಈಗ ಇಲ್ಲ. ಕಟ್ಟಡಕ್ಕೆ ಇಟ್ಟಿದ್ದ ರಾಜಕುಮಾರನ ಹೆಸರನ್ನು ಜನ ಎಂದೋ ಮರೆತು 'ಗಾಜಿನ ಮನೆ' ಎಂದುಬಿಟ್ಟರು. 1935ರಲ್ಲಿ ಅದನ್ನು ವಿಸ್ತರಿಸಿದಾಗ ಬಂದದ್ದು ನಮ್ಮ ಭದ್ರಾವತಿಯ ಉಕ್ಕು. ಒಡೆದ ಗಾಜು ಹೋಗಿ ಹೊಸ ಗಾಜು, ತುಕ್ಕಿಗೆ ಬಣ್ಣ, ಬಣ್ಣದ ಮೇಲೆ ಬಣ್ಣ. ಆ ರಾಜಕುಮಾರ ಅಡಿಗಲ್ಲು ಹಾಕಿದ ಕಟ್ಟಡ ಇದೇ ಹೌದೆ ಎಂದರೆ ಹೌದು, ಅಲ್ಲವೆ ಎಂದರೆ ಅಲ್ಲ. ಯಾರೂ ಮುಟ್ಟದೆ, 1890ರ ಅದೇ ಗಾಜು ಅದೇ ಮೊಳೆಯಲ್ಲಿ ಇಡುತ್ತೇವೆಂದು ಹಠ ಹಿಡಿದಿದ್ದರೆ ಅದು ಎಂದೋ ನೆಲ ಕಚ್ಚಿರುತ್ತಿತ್ತು.

ಹಾಗೆ ನೆಲ ಕಚ್ಚಿದ್ದೂ ಅದೇ ತೋಟದಲ್ಲಿದೆ. ಕ್ಯಾಮರಾನ್ ನಂತರ 1908ರಿಂದ 1932ರವರೆಗೆ ಲಾಲ್‌ಬಾಗನ್ನು ನೋಡಿಕೊಂಡವರು ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಮರದ ಹೂವು ಉದುರಿ ಮುಗಿಯುವ ಹೊತ್ತಿಗೆ ಇನ್ನೊಂದು ಜಾತಿಯದು ಅರಳಬೇಕು ಎಂದು ಸಾಲುಮರಗಳನ್ನು ಯೋಜಿಸಿದ ಮನುಷ್ಯ. ಹೂವು ಉದುರುವುದನ್ನು ನಿಲ್ಲಿಸಲಾಗದು, ಸರದಿಯನ್ನು ಹೊಂದಿಸಬಹುದು ಎಂದು ಅರಿತಿದ್ದವರಿಗೆ ಮಾತ್ರ ಹೊಳೆಯುವ ಆಲೋಚನೆ ಅದು. ಅವರ ಹೆಸರಿನ ಕ್ರುಂಬಿಗಲ್ ಹಾಲ್ 2017ರ ಮಳೆಯಲ್ಲಿ ಕುಸಿದುಬಿತ್ತು. ಅವರು ಹಾಕಿಕೊಟ್ಟ ಸರದಿ ಇನ್ನೂ ನಡೆಯುತ್ತಿದೆ.

ತೋಟದಲ್ಲಿ ಮಕ್ಕಳು ಹೆಚ್ಚು ಹೊತ್ತು ನಿಲ್ಲುವುದು ಹೂವಿನ ಗಡಿಯಾರದ ಮುಂದೆ. ನೆಲದಲ್ಲಿ ಗಿಡಗಳೇ ಬಿಲ್ಲೆಯಾಗಿ, ಅದರ ಮೇಲೆ ದೊಡ್ಡ ಮುಳ್ಳು ತಿರುಗುವುದು ಅವರಿಗೆ ಚೋದ್ಯ. ಅದನ್ನು ಮಾಡಿಕೊಟ್ಟದ್ದು ಎಚ್‌ಎಂಟಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡಲು ಆರಂಭಿಸಿ, ಇಡೀ ದೇಶದ ಮದುಮಕ್ಕಳ ಮಣಿಕಟ್ಟಿಗೆ ಹೊತ್ತು ಕಟ್ಟಿದ ಕಂಪನಿ. 2016ರಲ್ಲಿ ಅದರ ಕೈಗಡಿಯಾರ ವಿಭಾಗವನ್ನು ಮುಚ್ಚಲು ಸರ್ಕಾರ ತೀರ್ಮಾನಿಸಿತು. ಈಗಿನ ಮಕ್ಕಳಿಗೆ ಆ ಮೂರು ಅಕ್ಷರಗಳ ಅರ್ಥ ಗೊತ್ತಿಲ್ಲ. ಮೊಬೈಲಿನಲ್ಲಿ ಹೊತ್ತು ನೋಡಿಕೊಂಡು ಗಡಿಯಾರ ಸರಿಯಿದೆಯೇ ಎಂದು ಪರೀಕ್ಷಿಸುತ್ತಾರೆ. ಪಕ್ಕದಲ್ಲಿ ಮಾಲಿಯೊಬ್ಬ ಅಂಕಿಯ ಗಿಡಗಳ ಚಿಗುರು ಕತ್ತರಿಸುತ್ತಿರುತ್ತಾನೆ. ವಾರ ಬಿಟ್ಟರೆ ಆರು ಎಂಟಾಗುತ್ತದೆ, ಮೂರೂ ಎಂಟಾಗುತ್ತದೆ.

ತಮಿಳುನಾಡಿನ ತಿರುವಕ್ಕರೈಯಿಂದ ತಂದಿಟ್ಟ ಎರಡು ಕೋಟಿ ವರ್ಷದ ಮರದ ಪಳೆಯುಳಿಕೆಯೂ ಅಲ್ಲಿದೆ. ಮರ ಕೊಳೆಯುವ ಮೊದಲೇ ಅದರ ಕಣಕಣದ ಜಾಗಕ್ಕೂ ಖನಿಜ ಬಂದು ಕೂತು, ಮರದ ಒಂದು ಚೂರೂ ಉಳಿಯದೆ ಮರದ ಆಕಾರ ಉಳಿದಿದೆ. ಮಕ್ಕಳು ಅದನ್ನು ಮುಟ್ಟಿ ನೋಡಿ ಮುಂದೆ ಹೋಗುತ್ತಾರೆ. ಹಿಂದೆ ಯಾರೋ ಕೆತ್ತಿದ ಹೃದಯ ಮತ್ತು ಬಾಣವೊಂದು ಹತ್ತಿರದ ಮರದ ತೊಗಟೆಯ ಮೇಲೆ ಬೆಳೆದು ಅಗಲವಾಗಿರುವುದು ಅವರಿಗೆ ಹೆಚ್ಚು ಕುತೂಹಲದ ವಿಷಯ.

ನಮ್ಮ ಸಿಬ್ಬಂದಿ ಕೊಠಡಿಯ ಗೋಡೆಯ ಮೇಲೆ ಪ್ರವಾಸದ ಗುಂಪು ಫೋಟೋಗಳು ಸಾಲಾಗಿವೆ. ಹೆಚ್ಚಿನವು ಲಾಲ್‌ಬಾಗಿನ ಅದೇ ಬಂಡೆಯ ಮೇಲೆ ತೆಗೆದವು. ಹಳೆಯವು ಕಪ್ಪು ಬಿಳುಪು, ಆಮೇಲಿನವು ಬಣ್ಣಗೆಟ್ಟ ಬಣ್ಣದವು. ಅವುಗಳೊಂದರಲ್ಲಿ ಮೂರನೇ ಸಾಲಿನ ಎಡತುದಿಗೆ ನಿಂತ ಹುಡುಗ ಹತ್ತನೇ ತರಗತಿಯ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಊರ ಕೆರೆಗೆ ಈಜಲು ಹೋದವನು ಬರಲಿಲ್ಲ. ಫಲಿತಾಂಶ ಬಂದಾಗ ಪಾಸಾಗಿದ್ದ. ಬಂಡೆ, ಯುರೇನಿಯಂ, ಹುಟ್ಟು, ಅಳಿವು ಎಂದು ಇಷ್ಟು ಹೊತ್ತು ನಾನು ಆಡಿದ ಮಾತೆಲ್ಲ ಆ ಫೋಟೋದ ಮುಂದೆ ನಾಲಿಗೆ ಕಚ್ಚಿಕೊಳ್ಳುತ್ತದೆ.

ಮುನ್ನೂರು ಕೋಟಿ ವರ್ಷದ ಮುಂದೆ ಮನುಷ್ಯನ ಆಯಸ್ಸು ಎಷ್ಟರದು ಎಂದು ಸಮಾಧಾನ ಹೇಳುವವರಿದ್ದಾರೆ. ಎಷ್ಟೋ ಪ್ರವಚನಗಳ ಅಡಿಗಲ್ಲು ಇದೇ. ಈ ಮಾತನ್ನು ನಾನು ಒಪ್ಪುವುದಿಲ್ಲ. ಭಾಗಾಕಾರ ಸರಿಯಿರಬಹುದು, ಆದರೆ ಬಂಡೆಯ ಅಳತೆಗೋಲು ಹುಡುಗನಿಗೆ ಹಿಡಿಯುವುದಲ್ಲ. ಬಂಡೆ ನಿಧಾನವಾಗಿ ಹೋಗುತ್ತದೆ, ಹೋಗುತ್ತಿರುವುದು ಅದಕ್ಕೆ ತಿಳಿಯುವುದಿಲ್ಲ, ಅದನ್ನು ಕಾಯುತ್ತಾ ಬಾಗಿಲಲ್ಲಿ ನಿಂತವರು ಯಾರೂ ಇರುವುದಿಲ್ಲ. ಗಾಜಿನ ಮನೆಯ ಒಡೆದ ಗಾಜಿನ ಜಾಗಕ್ಕೆ ಇನ್ನೊಂದು ಗಾಜು ಬಂದರೆ ಕಟ್ಟಡ ಉಳಿಯಿತು ಎನ್ನಬಹುದು. ಏಳನೇ ತರಗತಿಯಲ್ಲಿ ಅವನ ಜಾಗಕ್ಕೆ ಇನ್ನೊಬ್ಬ ಬಂದ, ತರಗತಿ ಉಳಿಯಿತು. ಅವನ ಮನೆಯಲ್ಲಿ ಯಾರೂ ಬರಲಿಲ್ಲ. ಅನಿತ್ಯ ಎಂಬ ಒಂದೇ ಹೆಸರಿನ ಕೆಳಗೆ ನಾವು ಈ ಎರಡನ್ನೂ ತಂದು ಸೇರಿಸುತ್ತೇವೆ. ಒಂದು ಸಂಸ್ಥೆಯ ಅನಿತ್ಯ, ಸರದಿಯಿಂದ ತುಂಬಿಕೊಳ್ಳುವಂಥದ್ದು. ಇನ್ನೊಂದು ಒಬ್ಬನದು, ಅದಕ್ಕೆ ಸರದಿ ಇಲ್ಲ. ಮೇಷ್ಟ್ರಾದವನು ಮೊದಲನೆಯದರಲ್ಲಿ ದಿನ ಕಳೆಯುವುದರಿಂದ ಎರಡನೆಯದನ್ನೂ ಅದೇ ತಕ್ಕಡಿಯಲ್ಲಿ ತೂಗುವ ಅಪಾಯ ಇದೆ. ಹೊಸದಾಗಿ ಬಂದ ಟೀಚರೊಬ್ಬರು ಆ ಫೋಟೋದಲ್ಲಿ ಇವನ್ಯಾರು ಇಷ್ಟು ಜೋರಾಗಿ ನಗುತ್ತಿರುವವನು ಎಂದು ಕೇಳಿದಾಗ ಹೆಸರು ಹೇಳಿದೆ, ಅಷ್ಟೇ ಹೇಳಿದೆ.

ವಸ್ತುಸಂಗ್ರಹಾಲಯದ ಬಗ್ಗೆ ಹೇಳಲು ಹೆಚ್ಚಿಲ್ಲ. ರೈಟ್ ಸಹೋದರರ ವಿಮಾನದ ಪೂರ್ಣ ಅಳತೆಯ ಪ್ರತಿಕೃತಿ ಮಕ್ಕಳಿಗೆ ಪಂಚಪ್ರಾಣ.

ವಿಧಾನಸೌಧವನ್ನು ನಾವು ನೋಡುವುದು ರಸ್ತೆಯ ಈಚೆ ನಿಂತು. 1951ರ ಜುಲೈಯಲ್ಲಿ ನೆಹರೂ ಶಂಕುಸ್ಥಾಪನೆ ಮಾಡಿದ್ದು, 1956ರಲ್ಲಿ ಮುಗಿದದ್ದು. ಬೆಂಗಳೂರಿನ ಸುತ್ತಮುತ್ತಲಿನ ಬಂಡೆಗಳನ್ನು ಸೀಳಿ ತಂದ ಕಲ್ಲು. ಈ ಭವ್ಯರೂಪ ಅದಕ್ಕೆ ಬರುವಂತೆ ಹಠ ಹಿಡಿದವರು ಕೆಂಗಲ್ ಹನುಮಂತಯ್ಯ. ಖರ್ಚಿನ ಬಗ್ಗೆ ಟೀಕೆ, ವಿಚಾರಣೆ ಎಲ್ಲವನ್ನೂ ಎದುರಿಸಿದರು. ಕಟ್ಟಡ ಪೂರ್ತಿಯಾದ ವರ್ಷವೇ, ಆಗಸ್ಟಿನಲ್ಲಿ, ಮುಖ್ಯಮಂತ್ರಿ ಸ್ಥಾನದಿಂದ ಇಳಿಯಬೇಕಾಯಿತು. ಇನ್ನೂ ಸ್ವಾರಸ್ಯದ ಸಂಗತಿ ಎಂದರೆ, ಯಾವ ರಾಜ್ಯಕ್ಕೆಂದು ಅದನ್ನು ಕಟ್ಟಲು ಶುರುಮಾಡಿದರೋ ಆ ಹಳೆಯ ಮೈಸೂರು ರಾಜ್ಯವೇ ಅದೇ 1956ರ ನವೆಂಬರ್ 1ರಂದು ಇಲ್ಲವಾಗಿ, ಮುಂಬಯಿ, ಹೈದರಾಬಾದ್, ಮದರಾಸು ಕಡೆಯ ಕನ್ನಡ ಸೀಮೆಗಳೂ ಕೊಡಗೂ ಕೂಡಿದ ದೊಡ್ಡ ರಾಜ್ಯ ಬಂತು. ಕಟ್ಟಿಸಿದವರ ಅಧಿಕಾರ ಹೋಯಿತು, ಕಟ್ಟಿಸಿದ ರಾಜ್ಯ ಹೋಯಿತು, ಕಟ್ಟಡ ಮಾತ್ರ ಬಂದವರಿಗೆಲ್ಲ ಸಾಕಾಗುವಷ್ಟು ದೊಡ್ಡದಾಗಿತ್ತು. ದುಂದು ಎಂದು ಆಗ ಆಡಿಕೊಂಡದ್ದೇ ಆಮೇಲೆ ಕೆಲಸಕ್ಕೆ ಬಂತು.

2023ರ ಆಗಸ್ಟಿನಲ್ಲಿ ಲಾಲ್‌ಬಾಗಿನ ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನ ಕೆಂಗಲ್ ಹನುಮಂತಯ್ಯನವರ ನೆನಪಿಗೇ ಮೀಸಲಾಗಿತ್ತು. ಗಾಜಿನ ಮನೆಯೊಳಗೆ ಹೂವಿನ ವಿಧಾನಸೌಧ ಎದ್ದಿತ್ತು. ಐದು ವರ್ಷ ಹಿಡಿದ ಕಲ್ಲಿನ ಕಟ್ಟಡ ಕೆಲವೇ ದಿನಗಳಲ್ಲಿ ಗುಲಾಬಿಯಲ್ಲಿ ತಯಾರು. ಸುಟ್ಟುಹೋದ ಅರಮನೆಯ ನಕಲಿನೊಳಗೆ, ಇಲ್ಲವಾದ ರಾಜ್ಯದ ಸೌಧದ ನಕಲು, ಹತ್ತು ಹನ್ನೆರಡು ದಿನದ ಹೂವಿನಲ್ಲಿ. ನೋಡಲು ಜನವೋ ಜನ, ಎಲ್ಲರ ಕೈಯೂ ಮೇಲೆ, ಕೈಯಲ್ಲಿ ಮೊಬೈಲು. ಇಂಥ ಪ್ರದರ್ಶನದಲ್ಲಿ ನಡುನಡುವೆ ಬಾಡಿದ ಹೂವನ್ನು ಕಿತ್ತು ಹೊಸದನ್ನು ಸಿಕ್ಕಿಸುವ ಕೆಲಸಗಾರರಿರುತ್ತಾರೆ. ಕಲ್ಲಿನ ವಿಧಾನಸೌಧಕ್ಕೂ ಅಂಥವರಿದ್ದಾರೆ, ಅಲ್ಲಿ ಕೆಲಸ ಅಷ್ಟು ಬೇಗ ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಪ್ರವಾಸ ಮುಗಿದ ಸೋಮವಾರ ಮಕ್ಕಳಿಂದ ಪ್ರಬಂಧ ಬರೆಸುತ್ತೇನೆ. ಬಂಡೆಗೆ 300 ಕೋಟಿ ವರ್ಷ ಎಂದು ಎಲ್ಲರೂ ಬರೆಯುತ್ತಾರೆ, ಅದನ್ನು ಫಲಕದಿಂದ ಇಳಿಸಿಕೊಂಡಿದ್ದಾರೆ. ಅದರ ನಂತರದ ಸಾಲುಗಳಲ್ಲೇ ಅವರು ನಿಜಕ್ಕೂ ಕಂಡದ್ದು ಬರುವುದು: ಕಬ್ಬನ್ ಪಾರ್ಕಿನ ಕೋತಿ, ಮೆಟ್ರೋ ರೈಲಿನ ತಾನೇ ತೆರೆಯುವ ಬಾಗಿಲು, ಯಾರದೋ ಕಳೆದುಹೋದ ಚಪ್ಪಲಿ. ಬೆಂಗಳೂರು ಅಲ್ಲಿಯೇ ಇದೆ, ಹಾಗೆಯೇ ಇರುತ್ತದೆ ಎಂಬ ಭರವಸೆ ಆ ಪ್ರಬಂಧಗಳಲ್ಲಿ ಎಷ್ಟು ದಟ್ಟವಾಗಿರುತ್ತದೆಂದರೆ ತಿದ್ದಲು ಕೈ ಬರುವುದಿಲ್ಲ. ತಿದ್ದಬೇಕಾಗಿಯೂ ಇಲ್ಲ. ಮೊದಲ ಸಲ ನೋಡುವವನಿಗೆ ಎಲ್ಲವೂ ನಿಂತೇ ಕಾಣುತ್ತದೆ. ಚಲನೆ ಗೊತ್ತಾಗುವುದಕ್ಕೆ ಎರಡು ನೋಟ ಬೇಕು, ನಡುವೆ ಒಂದಿಷ್ಟು ವರ್ಷ ಬೇಕು. ನಮ್ಮ ಪ್ರವಾಸಗಳ ಕೊರತೆ ಇದೇ ಎಂದು ನನಗೆ ಅನ್ನಿಸತೊಡಗಿದೆ. ಪ್ರತಿ ಸಲವೂ ಹೊಸ ಜಾಗ ತೋರಿಸಬೇಕೆಂಬ ಹುಚ್ಚಿನಲ್ಲಿ ಯಾವ ಮಗುವಿಗೂ ಒಂದೇ ಜಾಗವನ್ನು ಎರಡನೇ ಸಲ ನೋಡುವ ಅವಕಾಶ ಕೊಡುವುದಿಲ್ಲ.

ನಮ್ಮದು ಒಂದರಿಂದ ಹತ್ತರವರೆಗೆ ಇರುವ ಶಾಲೆ. ಏಳರಲ್ಲಿ ಲಾಲ್‌ಬಾಗ್ ನೋಡಿದ ಮಕ್ಕಳನ್ನು ಹತ್ತರಲ್ಲಿ ಮತ್ತೆ ಅಲ್ಲಿಗೇ ಕರೆದೊಯ್ಯೋಣ, ಅದೇ ಬಂಡೆ, ಅದೇ ಸಾಲು, ಮೂರು ವರ್ಷದ ಹಿಂದೆ ಬರೆದ ಪ್ರಬಂಧ ಕೈಯಲ್ಲಿ, ಎಂದು ಈ ಸಲದ ಸಿಬ್ಬಂದಿ ಸಭೆಯಲ್ಲಿ ಹೇಳಿದೆ. ಮುಖ್ಯೋಪಾಧ್ಯಾಯರು, "ನೋಡಿದ್ದನ್ನೇ ನೋಡೋಕೆ ಪಾಲಕರು ದುಡ್ಡು ಕೊಡ್ತಾರಾ ಮೇಷ್ಟ್ರೇ?" ಎಂದರು. ಮಕ್ಕಳ ಅಭಿಪ್ರಾಯ ಕೇಳಿ ಎಂದರು ವಿಜ್ಞಾನದ ಮೇಡಂ. ಕೇಳಿದೆವು. ಹತ್ತನೇ ತರಗತಿ ಒಂದೇ ದನಿಯಲ್ಲಿ ವಂಡರ್‌ಲಾ ಎಂದಿತು. ಕೊನೆಗೆ ಆದ ರಾಜಿ ಇಷ್ಟು: ರಾತ್ರಿ ಎರಡು ಗಂಟೆಗೇ ಬಸ್ಸು ಬಿಡುವುದು, ಬೆಳಿಗ್ಗೆ ಏಳಕ್ಕೆ ಬಂಡೆಯ ಮೇಲೆ ಒಂದು ಗಂಟೆ, ಅಲ್ಲೇ ಇಡ್ಲಿ, ಆಮೇಲೆ ಸೀದಾ ಬಿಡದಿ ರಸ್ತೆ. ಒಪ್ಪಿಗೆ ಪತ್ರದ ಕರಡನ್ನು ಹೊಸದಾಗಿ ಬರೆಯಬೇಕಾಗಿದೆ. ಹಳೆಯದರಲ್ಲಿ ನೀರಿನ ಆಟಗಳ ಬಗ್ಗೆ ಒಂದು ಮಾತೂ ಇಲ್ಲ.